ಹೊಳೆದಂಡೆಯ ದೀಪಗೋಪುರ ಉಳಿದ ಬಗೆ

ಸಮುದ್ರವೇ ಇಲ್ಲದ ಸೀಮೆಯಲ್ಲಿ ದೀಪಗೋಪುರ ಕಾಯುವ ಕೆಲಸ ಹಿಡಿದವನಿಗೆ ನಗುವ ಸಂದರ್ಭಗಳಿಗೇನೂ ಬರವಿಲ್ಲ. ನಮ್ಮ ಗೋಪುರ ಇರುವುದು ಮಾಧವರಂ ಹತ್ತಿರ, ತುಂಗಭದ್ರೆಯ ದಂಡೆಯಲ್ಲಿ. ಸೇತುವೆ ಇಲ್ಲದ ಕಾಲದಲ್ಲಿ ಹರಿಗೋಲಿನವರಿಗೆ ದಂಡೆ ತೋರಿಸಲು ನಮ್ಮಪ್ಪ ದಿನಾ ಸಂಜೆ ಅದರ ಮೇಲೆ ಹತ್ತಿ ದೀಪ ಹಚ್ಚುತ್ತಿದ್ದ. ಈಗ ದೀಪವೂ ಇಲ್ಲ, ಹರಿಗೋಲೂ ಇಲ್ಲ. ಕಾವಲುಗಾರ ಅಂತ ನಾನೊಬ್ಬ ಇದ್ದೇನೆ.

ಬೋರ್ಡು

ಗಾರೆ ಉದುರುತ್ತಿದೆ, ಗೋಪುರ ಕಾಪಾಡಿ ಎಂದು ಅರ್ಜಿ ಬರೆದು ಬರೆದು ಸಾಕಾದ ಮೇಲೆ ಒಬ್ಬ ಗುತ್ತಿಗೆದಾರ ಬಂದ. ‘ಗೋಡೆ ಮುಟ್ಟಬಾರದು’ ಎಂಬ ತಗಡಿನ ಬೋರ್ಡನ್ನು ಆರು ದಪ್ಪ ಮೊಳೆ ಹೊಡೆದು ಅದೇ ಗೋಡೆಗೆ ಬಡಿದ. ಒಂದು ಪುಟ್ಟಿ ಗಾರೆ ಕೆಳಗೆ ಬಿತ್ತು.

“ಏನ್ರಿ ಇದು?” ಅಂದೆ.

“ನೋಡಿದ್ರೇನು? ಅದಕ್ಕ ಬೋರ್ಡ್ ಬೇಕನ್ನೋದು. ಮುಟ್ಟಿದ್ರ ಸಾಕು, ಉದುರ್ತೈತಿ,” ಅಂದ.

ಯಾವ ರಾಜ?

ಆಮೇಲೆ ರಸ್ತೆ ಅಗಲ ಮಾಡುವುದಕ್ಕೆ ಗೋಪುರ ಅಡ್ಡ ಬಂತು. ಇತಿಹಾಸ ಉಂಟೆಂದು ವರದಿ ಆದರೆ ಉಳಿಯುತ್ತದೆ, ಇಲ್ಲವಾದರೆ ಬುಲ್ಡೋಜರ್. ಅಪ್ಪ ಹತ್ತಿ ಇಳಿದ ಮೆಟ್ಟಿಲು ಮಣ್ಣುಪಾಲಾಗಲು ಬಿಡಬಾರದೆಂದು ಮತ್ತೆ ಅರ್ಜಿ ಬರೆಯಲು ಕೂತೆ.

ವರದಿ ಬರೆಯಲು ಬಂದ ಸಾಹೇಬರು ಪೆನ್ನು ಬಿಚ್ಚಿ, “ಯಾವ ರಾಜ ಕಟ್ಸ್ಯಾನ?” ಅಂದರು.

“ರಾಜ ಅಲ್ರಿ ಸಾರ್. ಹರಿಗೋಲಿನವ್ರು ಊರೂರು ತಿರುಗಿ ಚಂದಾ ಎತ್ತಿ ಕಟ್ಟ್ಯಾರ.”

ಪೆನ್ನು ಮುಚ್ಚಿದರು. “ರಾಜ ಇಲ್ಲಂದ್ರ ಇತಿಹಾಸ ಎಲ್ಲಿಂದ ತರ್ಲಿ? ಮಜ್ಜಿಗಿ ಐತೇನು?”

ಮಜ್ಜಿಗೆ ಇತ್ತು. ಎರಡು ಲೋಟ ಕುಡಿದು ಹೋದರು.

ಕೆಮ್ಮಣ್ಣು

ಕೆಡವಲು ಇಂಜಿನಿಯರು ಬರುತ್ತಾರೆಂದು ಸುದ್ದಿ ಬಂತು. ಕಣ್ಣಿಗೆ ಚೆಂದ ಕಂಡರೆ ಮನಸ್ಸು ಕರಗೀತು ಎಂಬ ಆಸೆಯಿಂದ ಕೌತಾಳಂನ ಇಬ್ಬರು ಸುಣ್ಣ ಬಳಿಯುವವರನ್ನು ಕರೆಸಿ, ಬರೀ ಬಿಳಿ ಸುಣ್ಣ ಎಂದು ಹೇಳಿ, ಕೊನೆಯ ಅರ್ಜಿ ಕೊಡಲು ಆದೋನಿಗೆ ಹೋದೆ. ಬಂದು ನೋಡಿದರೆ ಬುಡದಿಂದ ತುದಿವರೆಗೆ ಗುಡಿಯ ಗೋಡೆಯ ಹಾಗೆ ಸುಣ್ಣ, ಕೆಮ್ಮಣ್ಣಿನ ಪಟ್ಟಿ.

“ಪಟ್ಟಿ ಹೊಡೀರಿ ಅಂತ ಯಾರಪ್ಪ ಹೇಳಿದ್ದು?”

“ಹೇಳಬೇಕೇನ್ರಿ? ನಾವು ಬಳಿಯೋದೆಲ್ಲ ಗುಡಿನೇ. ಪಟ್ಟಿ ಇಲ್ಲಂದ್ರ ಬೋಳು ಕಾಣ್ತೈತ್ರಿ.”

ತಲೆಯ ಮೇಲೆ ಕೈ ಹೊತ್ತು ಕೂತೆ.

ಮರುದಿನ ಬೆಳಿಗ್ಗೆ ಹೋದರೆ, ಕುರಿ ಕಾಯುವ ಅಜ್ಜಿಯೊಬ್ಬಳು ಗೋಪುರದ ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದಿದ್ದಳು. ಅವಳ ಹಿಂದೆ ಅರ್ಧ ಊರು. ಅಷ್ಟರಲ್ಲಿ ಇಂಜಿನಿಯರು ಬುಲ್ಡೋಜರ್ ಸಮೇತ ಬಂದರು. ಡ್ರೈವರ್ ಪಟ್ಟಿ ನೋಡಿದ್ದೇ ಎಂಜಿನ್ ಆರಿಸಿ, ಚಪ್ಪಲಿ ಬಿಟ್ಟು ಇಳಿದು, ಕೈ ಮುಗಿದ.

ಇಂಜಿನಿಯರು ಗಾಬರಿಯಿಂದ, “ಇದು ಯಾವ ದೇವ್ರಮ್ಮ?” ಅಂದರು.

“ನನಗೇನ್ ಗೊತ್ತಪ್ಪ? ಪಟ್ಟಿ ಕಂಡ್ವು, ಕಾಯಿ ಒಡದೆ,” ಅಂದಳು ಅಜ್ಜಿ.

ಇಂಜಿನಿಯರು ಶೂ ಬಿಚ್ಚಿದರು. ನಕಾಶೆ ಹರಡಿ, ರಸ್ತೆಯನ್ನು ಪೆನ್ಸಿಲಿನಲ್ಲೇ ಪಕ್ಕಕ್ಕೆ ಸರಿಸಿದರು. ವರ್ಷಗಟ್ಟಲೆ ನನ್ನ ಅರ್ಜಿಗಳು ಮಾಡದ ಕೆಲಸವನ್ನು ಒಂದು ಬಕೆಟ್ ಕೆಮ್ಮಣ್ಣು ಮಾಡಿತು.

“ಪೂಜಾರಿ ಯಾರು?” ಎಂದು ಕೇಳಿದರು. ಊರೆಲ್ಲ ನನ್ನ ಕಡೆ ಕೈ ತೋರಿಸಿತು.

ನಾನಲ್ಲ ಎನ್ನಲು ಬಾಯಿ ತೆರೆದೆ. ಅಪ್ಪನ ಮೆಟ್ಟಿಲು ಕಣ್ಣಿಗೆ ಬಿತ್ತು. ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆದು, ಅವರ ಅಂಗೈಗೆ ತೀರ್ಥ ಕೊಟ್ಟೆ.