ನಮ್ಮ ಭಾವನ ನಡಿಗೆಗಳು

ನಮ್ಮ ಭಾವನಿಗೆ ನಡೆಯಲು ಬರುತ್ತಿರಲಿಲ್ಲ ಎಂದರೆ ನೀವು ನಂಬುತ್ತೀರಾ? ಕಾಲುಗಳೇನೋ ಗಟ್ಟಿಯಾಗಿದ್ದವು. ಆದರೆ ಆ ಪುಣ್ಯಾತ್ಮ ಮನೆಯಿಂದ ಸ್ಕೂಲಿಗೆ ಸುಮ್ಮನೆ ನಡೆದುಕೊಂಡು ಹೋದದ್ದನ್ನು ನಾನು ಕಂಡಿರಲಿಲ್ಲ. ಸೋಮವಾರ ಸಿಪಾಯಿಯ ಹಾಗೆ ಮಾರ್ಚ್ ಮಾಡುತ್ತಿದ್ದರು. ಹವೆ ತಂಪಾಗಿದ್ದರೆ ಸ್ಟ್ರೋಲ್, ಅಂದರೆ ವಿಹಾರ. ಸಂಬಳ ತಡವಾದ ತಿಂಗಳು ಕಾಲೆಳೆದುಕೊಂಡು ಟ್ರಡ್ಜ್!

ಭಾವ ಮಧುಗಿರಿಯ ಮಿಡಲ್ ಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರು. ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಮದುವೆಯಾದ ಅಕ್ಕನಿಗೆ ಹೊಸ ಊರಲ್ಲಿ ಜೊತೆಗಿರಲೆಂದು ಪಾವಗಡದ ಕಡೆಯ ಹಳ್ಳಿಯಿಂದ ಬಂದ ನಾನು ಅವರ ಮನೆಯಲ್ಲೇ ಉಳಿದುಬಿಟ್ಟಿದ್ದೆ.

'ವಾಕ್' ಎಂಬ ಪದದ ಮೇಲೆ ಭಾವನಿಗೆ ಅದೇನು ಮುನಿಸೋ. "ಎಮ್ಮೇನೂ ವಾಕು, ಮದುವಣಗಿತ್ತೀನೂ ವಾಕು ಅಂದ್ರೆ ಹೆಂಗೆ? ಇಂಗ್ಲಿಷಿನೋರು ಒಂದೊಂದು ನಡಿಗೆಗೂ ಒಂದೊಂದು ಹೆಸರಿಟ್ಟವ್ರೆ ಕಣಮ್ಮ" ಎನ್ನುತ್ತಿದ್ದರು. ಸಂಜೆಯಾದರೆ ಜಗುಲಿಯ ಮೇಲೆ ಕೂರುತ್ತಿದ್ದರು. ಊರ ಬೆಟ್ಟದ ನೆರಳು ಬೀದಿಯುದ್ದಕ್ಕೂ ಹಾಸಿಕೊಂಡು, ಅದರೊಳಗೆ ಜನ ಕೆರೆಯ ಮೀನುಗಳಂತೆ ಸದ್ದಿಲ್ಲದೆ ಹಾದುಹೋಗುವರು. ಭಾವ ಅರೆಗಣ್ಣಿನಲ್ಲಿ ಒಬ್ಬೊಬ್ಬರಿಗೂ ಹೆಸರು ಹೇಳುವರು. ತುಂಬಿದ ಕೊಡ ಹೊತ್ತು ತೇಲಿಬರುವ ಹೆಂಗಸು ಗ್ಲೈಡ್. ಎದೆಯುಬ್ಬಿಸಿದ ಅಮಲ್ದಾರರ ಜವಾನ ಸ್ಟ್ರಟ್. ಮಾಡಲು ಕೆಲಸವಿಲ್ಲದ ಶಾನುಭೋಗರ ಅಳಿಯ ಸಾಂಟರ್. ನನಗೆ ಇಂಗ್ಲಿಷಿನ ಗಂಧವೂ ಇರಲಿಲ್ಲ. ಆದರೂ ಆ ಪದಗಳು ಕಿವಿಗೆ ಬಿದ್ದಾಗ, ಯಾವುದೋ ಕಾಣದ ಊರಿನಲ್ಲಿ ಯಾರೋ ಮೆತ್ತಗೆ ಓಡಾಡಿದಂತಾಗಿ ನಿದ್ದೆ ತೂಗುತ್ತಿತ್ತು.

ಎಲ್ಲಾ ಪದಗಳೂ ಇಷ್ಟು ಸಾಧುವಾಗಿರಲಿಲ್ಲ. ಒಮ್ಮೆ ಸ್ಕೂಲಿನ ಮುಂದೆಯೇ ಮಕ್ಕಳಿಗೆ 'ಸ್ಟ್ಯಾಗರ್' ಎಂದರೆ ತೂರಾಡುವುದು ಎಂದು ಆಡಿ ತೋರಿಸಿದರು. ಬಹಳ ಚೆನ್ನಾಗಿಯೇ ತೋರಿಸಿರಬೇಕು. ಸಂತೆಗೆ ಹೊರಟಿದ್ದವನೊಬ್ಬ ಜೊತೆಯವನಿಗೆ, "ಮೇಷ್ಟ್ರು ಹಗಲೊತ್ತೇ ಹಾಕ್ಕೊಂಬುಟ್ಟವ್ರೆ ಕಣ್ಲಾ" ಅಂದನಂತೆ. ಆ ಮಾತು ಭಾವನಿಗಿಂತ ಮೊದಲೇ ಮನೆ ಸೇರಿತು.

ಅಕ್ಕ ಹೊಸಿಲಲ್ಲೇ ತಡೆದಳು. "ಎಲ್ಲಿ, ಉಸಿರು ಬಿಡ್ರಿ ನೋಡಾನ."

"ಪಾಠ ಕಣೇ ಅದು."

"ಪಾಠಾನ ಬಾಯಲ್ಲಿ ಹೇಳ್ರಿ. ಕಾಲಲ್ಲಿ ಯಾಕ್ ಹೇಳ್ತೀರಿ?"

ಮಾರನೆಯ ದಿನ ಹೆಡ್ ಮೇಷ್ಟರು ಕರೆದು ಹೇಳಿದರಂತೆ: "ಇನ್ನು ಸ್ವಲ್ಪ ದಿನ ಕೂತ್ಕೊಂಡು ಮಾಡೋ ಕ್ರಿಯಾಪದಗಳನ್ನೇ ಹೇಳಿಕೊಡಿ."

ಮದುವೆಯಾಗಿ ಎಷ್ಟೋ ವರ್ಷವಾದರೂ ಅಕ್ಕನಿಗೆ ಮಕ್ಕಳಾಗಿರಲಿಲ್ಲ. ಹರಕೆ ಹೊತ್ತು ಸಿದ್ದರಬೆಟ್ಟಕ್ಕೆ ಹೋಗಿಬರಬೇಕೆಂದು ಹಟ ಹಿಡಿದಳು. ಆ ದಾರಿಯಲ್ಲಿ ಕೊರಟಗೆರೆಯವರೆಗೆ ಆಗ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು. ಏರು ಬಂದರೆ ಗಂಡಸರೆಲ್ಲ ಇಳಿದು ನಡೆಯಬೇಕು. ಭಾವನಿಗೆ ಹಬ್ಬವಲ್ಲವೇ! ಎಲ್ಲರ ನಡಿಗೆಯನ್ನೂ ಕಣ್ತುಂಬಿಕೊಳ್ಳುತ್ತ ಬಂಡೆಯ ಮೇಲೆ ಕೂತೇಬಿಟ್ಟರು. ಏರು ಮುಗಿದು ಎಲ್ಲರೂ ಹತ್ತಿ, ಬಸ್ಸು ಹೊರಟೇ ಹೋಯಿತು.

"ಯಾರಾದ್ರೂ ಉಳ್ಕೊಂಡ್ರಾ?" ಎಂದು ಕಂಡಕ್ಟರ್ ಕೇಳಿದ.

"ನಮ್ಮೋರೊಬ್ರು," ಎಂದಳು ಅಕ್ಕ. "ನಿಲ್ಲಿಸ್ಬೇಡಪ್ಪ, ನಡ್ಕೊಂಡು ಬರ್ಲಿ. ಅವರಿಗೆ ಅದೇ ಇಷ್ಟ."

ಹೊತ್ತು ಇಳಿಯುವಾಗ ಭಾವ ಕೊರಟಗೆರೆ ಸೇರಿದರು. ಮೊಣಕಾಲವರೆಗೂ ಕೆಂಧೂಳು, ಮುಖ ಮಾತ್ರ ಮದುಮಗನದು.

ಬೆಟ್ಟದ ದೇವರು ಕಣ್ಣು ಬಿಟ್ಟ. ಅಕ್ಕನಿಗೆ ಹೆಣ್ಣು ಮಗುವಾಯಿತು. ಗುಂಡಗೆ ಮುದ್ದಾಗಿತ್ತು, ಮಾತೂ ಬೇಗ ಬಂತು. ನಡಿಗೆ ಮಾತ್ರ ಬರಲಿಲ್ಲ. ಓರಗೆಯ ಮಕ್ಕಳು ಬೀದಿಯಲ್ಲಿ ಓಡುವಾಗ ಇದು ಕೂತಲ್ಲೇ ಚಪ್ಪಾಳೆ ತಟ್ಟುತ್ತಿತ್ತು. ಭಾವ ಶಿರಾದವರೆಗೂ ಎತ್ತಿಕೊಂಡು ಹೋದರು. ಅಲ್ಲಿನ ಹಕೀಮರು ಕಾಲು ಮುಟ್ಟಿ ನೋಡಿ, "ಸಬೂರ್ ಮಾಡಿ ಮಾಷ್ಟರ್ ಸಾಬ್, ಕಾಲಲ್ಲಿ ಜಾನ್ ಐತೆ, ಜೀವ ಐತೆ" ಎಂದು ಎಣ್ಣೆ ಕೊಟ್ಟರು.

ಆಮೇಲೆ ಭಾವ ಜಗುಲಿಯ ಮೇಲೆ ಕೂತರೂ ಬೀದಿಯತ್ತ ನೋಡುತ್ತಿರಲಿಲ್ಲ. ಮಗುವಿನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು, ಬೆಚ್ಚಗಿನ ಎಣ್ಣೆ ಸವರಿ, ಬೆರಳು ಬೆರಳನ್ನೂ ನೀವುತ್ತಿದ್ದರು. ಸ್ಕೂಲಿಗೆ ಎಲ್ಲರ ಹಾಗೆಯೇ ತಲೆತಗ್ಗಿಸಿ ಹೋಗಿಬರುತ್ತಿದ್ದರು. ಮನೆ ಎಷ್ಟು ಮೌನವಾಯಿತೆಂದರೆ, ಒಂದು ದಿನ ಅಕ್ಕನೇ ಒಳಗಿನಿಂದ, "ಏನಾದ್ರೂ ಇಂಗ್ಲಿಷ್ ಮಾತಾಡ್ರಿ" ಎಂದಳು. ಅವರು ಎಣ್ಣೆಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು.

ಮಹಾರಾಜರ ವರ್ಧಂತಿಯ ದಿನ. ಸ್ಕೂಲಿಗೆ ರಜ. ಬೀದಿಯಲ್ಲಿ ಎತ್ತು ಬಿಚ್ಚಿದ ಗಾಡಿ ನಿಂತಿತ್ತು, ಈಚೆಗೆ ಏನನ್ನಾದರೂ ಹಿಡಿದು ನಿಲ್ಲತೊಡಗಿದ್ದ ಮಗು ಅದರ ಚಕ್ರ ಹಿಡಿದು ನಿಂತಿತ್ತು. ಭಾವ ಜಗುಲಿಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದರು. ನಾನು ರಂಗೋಲಿಯಿಂದ ತಲೆಯೆತ್ತಿ ನೋಡುವಷ್ಟರಲ್ಲಿ ಮಗು ಚಕ್ರ ಬಿಟ್ಟಿತ್ತು. ನಿಂತು ಓಲಾಡಿತು. ಒಂದು ಹೆಜ್ಜೆ ಇಟ್ಟಿತು. ಮತ್ತೊಂದು ಇಟ್ಟಿತು. ಅಪ್ಪನ ಕಡೆಗೂ ಅಲ್ಲ, ನನ್ನ ಕಡೆಗೂ ಅಲ್ಲ. ಪೇಟೆಯ ಕಡೆಗೆ!

"ಭಾವ, ಎತ್ಕೊಳ್ರಿ, ಬಿದ್ದಾಳು" ಎಂದೆ.

ಅವರು ಎತ್ತಿಕೊಳ್ಳಲಿಲ್ಲ. ಕಡಲೆಕಾಯಿಯೆಲ್ಲ ನೆಲಕ್ಕೆ ಚೆಲ್ಲಿತು. ಕಾಲಿಗೆ ಮೆಟ್ಟೂ ಹಾಕದೆ, ಸೊಂಟ ಬಗ್ಗಿಸಿ, ಎರಡೂ ಕೈ ಅಗಲಿಸಿ, ಮುಟ್ಟದೆ ಅವಳ ಹಿಂದೆ ಹೊರಟರು. ಅಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಎದುರಿಗೆ ಬರುತ್ತಿದ್ದ ಗಾಡಿಯವನು ಇಳಿದು ಎತ್ತುಗಳ ಕೊಂಬು ಹಿಡಿದುಕೊಂಡ. ಪೇಟೆಯ ಗದ್ದಲದ ಮೇಲೆ ಭಾವನ ದನಿ ಕೇಳಿಸಿತು:

"ದಾರಿ ಬುಡ್ರಪ್ಪ, ನನ್ನ ಮಗಳು ಬರ್ತಾವ್ಳೆ."