ಹತ್ತು ನಿಮಿಷದ ಒಪ್ಪಿಗೆ

ಜುಲೈ ಹತ್ತೊಂಬತ್ತು. ನಾಸಿಕದಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ. ಹೆಂಡತಿ ಚಹಾ ಮುಂದಿಟ್ಟು ಮತ್ತೆ ಕೇಳಿದಳು: "ಆ ನಾಟಕದವರಿಗೆ ಕಡೀಗೆ ಏನ್ ಕೊಟ್ಟು ಬಂದ್ರಿ?"

ನಮ್ಮ ಕನ್ನಡ ಸಂಘದಲ್ಲಿ ನನಗೆ ಓದಿಕೊಂಡವನೆಂಬ ಹೆಸರಿದೆ. ಹಾಡಲು ಬಾರದು, ಅಡುಗೆ ಬಾರದು. ಆ ಹೆಸರೊಂದರ ಮೇಲೇ ಸಮಿತಿಯಲ್ಲಿದ್ದೇನೆ. ಹಾಗಾಗಿ ಯಾರಿಗೂ ಅರ್ಥವಾಗದ ಕಾಗದವೆಲ್ಲ ನನ್ನ ಕೈಗೆ ಬರುತ್ತದೆ. ನನಗೂ ಅರ್ಥವಾಗಿಲ್ಲ ಎನ್ನುವ ಧೈರ್ಯವಿಲ್ಲ. ಹಾಗಾಗಿ ಇಂಥ ಎಡವಟ್ಟುಗಳು ಆಗುತ್ತಲೇ ಇರುತ್ತವೆ.

ಓಟ

ಕಲಬುರಗಿಯ ಲೇಖಕಿಯೊಬ್ಬರ ನಾಟಕದಿಂದ ಒಂದು ತುಣುಕು ಆಡಲು ಪತ್ರ ಬರೆದು ಒಪ್ಪಿಗೆ ತರಿಸಿದ್ದೆ. ಉತ್ತರ ಚಿಕ್ಕದು: ಹತ್ತು ನಿಮಿಷದ ಭಾಗ ಆಡಬಹುದು, ಮಾತು ಬದಲಿಸಬಾರದು, ನಾಸಿಕದಲ್ಲಿ ಒಂದು ಪ್ರದರ್ಶನ.

ನಾವು ಆರಿಸಿದ್ದ ದೃಶ್ಯ ಇಪ್ಪತ್ತು ನಿಮಿಷದ್ದು. ಸಂಘದ ಅಧ್ಯಕ್ಷರು ಉಡುಪಿ ಕಡೆಯವರು, ಹೋಟೆಲ್ ನಡೆಸುತ್ತಾರೆ. "ಅದಕ್ಕೆಂತ ಮಾರಾಯ್ರೆ, ಬೇಗ ಬೇಗ ಹೇಳಿಸುವ" ಎಂದರು. ನಾನು ಪತ್ರವನ್ನು ಮತ್ತೊಮ್ಮೆ ಓದಿ, "ವೇಗದ ಬಗ್ಗೆ ಏನೂ ಬರೆದಿಲ್ಲ" ಎಂದೆ.

ಅದು ತಾಯಿ ಸಾಯುವ ದೃಶ್ಯ. ಹತ್ತೇ ನಿಮಿಷಕ್ಕೆ ಮುಗಿಯಿತು. ಮುಂದೆ ಕೂತಿದ್ದ ಅಜ್ಜಿಯೊಬ್ಬರು, "ಅಯ್ಯ, ಆಕಿಗೇನು ಬಸ್ಸು ತಪ್ಪತಿತ್ತೇನು?" ಎಂದರು.

ಮಾತು ಬದಲಿಸಬಾರದು

ಮಗಳ ಪಾತ್ರದ ಹುಡುಗಿ ಇಲ್ಲೇ ಹುಟ್ಟಿ ಬೆಳೆದವಳು. ಮನೆಮಾತಿನ ಕನ್ನಡ ಬರುತ್ತದೆ, ನಾಟಕದ ಮಾತು ಕಷ್ಟ. ಆ ಅವಸರದಲ್ಲಿ ಒಂದಿಡೀ ಸಾಲನ್ನು ಮರಾಠಿಯಲ್ಲಿ ಹೇಳಿಬಿಟ್ಟಳು. ಚಪ್ಪಾಳೆ ಬಿದ್ದದ್ದು ಅದೊಂದಕ್ಕೇ.

ಪರದೆಯ ಹಿಂದೆ ಗದರಿದೆ: "ಅನುವಾದಕ್ಕ ಬೇರೆ ಒಪ್ಪಿಗಿ ಬೇಕವ್ವ!"

"ಕಾಕಾ, ಕನ್ನಡ ನೆನಪೇ ಇರ್ಲಿಲ್ಲ. ನೆನಪಿಲ್ಲದ್ದು ಅನುವಾದ ಹ್ಯಾಂಗ ಮಾಡ್ಲಿ?"

ಜೇಬಿನಿಂದ ಪತ್ರ ತೆಗೆದು, ಮರೆವಿನ ಬಗ್ಗೆ ಏನಾದರೂ ಬರೆದಿದೆಯೇ ಎಂದು ನೋಡಿದೆ.

ಬೇರೆ ಊರು

ಛತ್ರಪತಿ ಸಂಭಾಜಿನಗರದ ಸಂಘದವರು ಅದನ್ನೇ ತಮ್ಮಲ್ಲೂ ಆಡಲು ಕರೆದರು. ಅಧ್ಯಕ್ಷರು ನನ್ನ ಮುಖ ನೋಡಿದರು. "ನಾಸಿಕದಲ್ಲಿ ಒಂದು ಎಂದಿದೆ. ಬೇರೆ ಊರಿನ ಮಾತು ಬರೆದಿಲ್ಲ, ಬರೆಯದಿದ್ದರೆ ಅಡ್ಡಿಯಿಲ್ಲ" ಎಂದೆ.

"ನಿಮಗೆ ಗೊತ್ತಿರ್ತದೆ ಬಿಡಿ" ಎಂದರು. ಆಗಲೇ ನಾಚಿಕೆಯಾಗಬೇಕಿತ್ತು, ಸಂತೋಷವಾಯಿತು.

ಅಲ್ಲಿ ನನ್ನನ್ನೂ ವೇದಿಕೆ ಹತ್ತಿಸಿದರು. ನಾನು ಹೆಚ್ಚು ಮಾತಾಡುವವನಲ್ಲ. ಅಂದು ಮಾತ್ರ ಕೃತಿಸ್ವಾಮ್ಯದ ಮೇಲೆ ಭಾಷಣವನ್ನೇ ಮಾಡಿದೆ. "ಬರೆದವರನ್ನು ಕೇಳದೆ ಆಡುವುದು, ಅವರ ಮನೆ ಹೊಕ್ಕು ತಾಮ್ರದ ಹಂಡೆ ಕದ್ದಂತೆ" ಎಂದು ಮುಗಿಸಿದೆ. ಆಮೇಲೆ ತುಣುಕೂ ಆಯಿತು, ಮರಾಠಿ ಸಾಲಿನ ಸಮೇತ.

ಮುಂದಿನ ಸಾಲಿನಿಂದ ಹಿರಿಯ ಹೆಂಗಸೊಬ್ಬರು ಎದ್ದು ಬಂದರು. ಅವರ ಮಗಳ ಮನೆ ಅದೇ ಊರಲ್ಲಿ. ನಮಗೆ ಅಚ್ಚರಿಯಾಗಲೆಂದು ಅಲ್ಲಿನವರು ಕರೆಸಿದ್ದ ಲೇಖಕಿ ಅವರೇ.

"ಭಾಷಣ ಭಾಳ ಛಲೋ ಆತ್ರಿ" ಎಂದರು. "ನನ್ನ ಹಂಡೆ ಯಾವಾಗ ವಾಪಸ್ ಕೊಡ್ತೀರಿ?"

ಅಧ್ಯಕ್ಷರು ಚಪ್ಪಲಿ ಹುಡುಕತೊಡಗಿದರು. "ಏನು ಕೊಡಬೇಕು ಹೇಳ್ರಿ, ನಾನೇ ಕೊಡ್ತೀನಿ" ಎಂದೆ. ಅವರು ಹೇಳಿದರು; ಅಲ್ಲೇ ಬರೆದು ಸಹಿ ಹಾಕಿದೆ.

"ಎಷ್ಟಂತ?" ಹೆಂಡತಿ ಬಿಡಲಿಲ್ಲ.

"ರೊಕ್ಕ ಬ್ಯಾಡ ಅಂದ್ರು. ಹೊಸಾ ನಾಟಕ ಬರೀಲಿಕ್ಕತ್ತಾರ. ಅದರಾಗ ಹಾಕ್ಕೊಳ್ಳಿಕ್ಕೆ ನನ್ನ ಭಾಷಣ ಕೇಳಿದ್ರು. ಬರಕೊಟ್ಟೆ. ಎಲ್ಲಾ ಊರಿಗೂ, ಎಷ್ಟು ಸಲ ಬೇಕಾದ್ರೂ."

"ಮಾತು ಬದಲಿಸಬಹುದೇನು?"

"ಅದಕ್ಕೂ ಒಪ್ಪಿಗಿ ಕೊಟ್ಟಿದ್ದೆ. ಬ್ಯಾಡ ಅಂದ್ರು. ಹಿಂಗ ಇದ್ರನ ಮಂದಿ ನಗ್ತಾರಂತ."