ಹುಳದ ಮಾಸ್ತರನ ಬಾವಿ

ನೀರಿನ ಶಾಸ್ತ್ರ ಕಲಿತವನಿಗೆ ನೀರಿಲ್ಲದ ತಾಲೂಕೇ ಗಂಟುಬೀಳಬೇಕೆ? ನನಗೆ ಬಿತ್ತು. ಬಿದ್ದ ಮೇಲೆ ಇಂಥ ತಮಾಷೆಗಳು ಒಂದರ ಹಿಂದೊಂದು ನಡೆಯುತ್ತಲೇ ಹೋದವು. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಹೊಸ ಮಾಸ್ತರ. ಮರಾಠಿ ರಾಜ್ಯಕ್ಕೆ ಸೇರಿದ ಜತ್ತ ತಾಲೂಕಿನಲ್ಲಿ, ಸಂಖ ಊರಿನ ಆಚೆಯ ಒಂದು ಕನ್ನಡ ಹಳ್ಳಿಯ ಮೆಟ್ಟಿಲ ಬಾವಿಯನ್ನು ಪಿಎಚ್‌ಡಿಗೆ ಆರಿಸಿಕೊಂಡಿದ್ದೆ. ವರ್ಷವಿಡೀ, ತಿಂಗಳಿಗೊಮ್ಮೆ, ಅದರ ನೀರಿನ ಸಣ್ಣ ಜೀವಿಗಳನ್ನು ಎಣಿಸಬೇಕು. ಎಣಿಕೆ ಸುಳ್ಳಾದರೆ ಪದವಿಯಿಲ್ಲ, ಪದವಿಯಿಲ್ಲದಿದ್ದರೆ ನೌಕರಿ ಕಾಯಂ ಇಲ್ಲ.

೧. ಮೊದಲ ಪರೀಕ್ಷೆ

ಮೊದಲ ದಿನ ಎಸ್‌ಟಿ ಬಸ್ಸಿನಿಂದ ಇಳಿದವನೇ, ನೀರು ಎಷ್ಟು ತಿಳಿಯಾಗಿದೆ ಎಂದು ನೋಡುವ ಕಪ್ಪುಬಿಳುಪು ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಬಾವಿಗೆ ಬಿಟ್ಟೆ. ಊರೆಲ್ಲ ಆಯಿ ಎನ್ನುತ್ತಿದ್ದ ಮುದುಕಿಯೊಬ್ಬಳು ಬಂದು ನಿಂತಳು.

"ಚಲೋ ಆತ್ರಿ ಬಂದಿದ್ದು. ನನ್ನ ಹಿತ್ತಾಳಿ ಕೊಡ ಬಿದ್ದು ಆರ ತಿಂಗಳಾತು. ಹಗ್ಗ ಆ ಮೂಲ್ಯಾಗ ಬಿಡ್ರಿ."

"ನಾ ಕೊಡ ತಗಿಯಾಂವ ಅಲ್ಲ ಆಯಿ, ನೀರ ಪರೀಕ್ಷಾ ಮಾಡಾಂವ."

"ಅದನ್ನ ಆಮ್ಯಾಲ ಮಾಡ್ರಿ. ನೀರೇನ ಓಡಿ ಹೋಗ್ತೈತೇನು?"

ಬಿದ್ದ ಕೊಡ ಎತ್ತುವ ಕೊಕ್ಕೆಗಳ ಪಾತಾಳಗರಡಿ ತರಿಸಿ ಮಧ್ಯಾಹ್ನದವರೆಗೆ ಆಡಿಸಿದೆ. ಕೊಡ ಸಿಕ್ಕಿತು. ನನ್ನ ಸಂಶೋಧನೆಯಿಂದ ಊರಿಗೆ ಆದ ಉಪಕಾರ ಅದೊಂದೇ.

೨. ದುರ್ಬೀನು

ಕಲಿತವನಿಗೆ ಕಲಿಸುವ ಚಟ. ಒಂದು ದಿನ ಬಾವಿಕಟ್ಟೆಯ ಮೇಲೆ ಸೂಕ್ಷ್ಮದರ್ಶಕ, ಊರವರ ಬಾಯಲ್ಲಿ ದುರ್ಬೀನು, ಇಟ್ಟು ಆಯಿಗೆ ಒಂದು ಹನಿ ನೀರು ತೋರಿಸಿದೆ. ಅದರಲ್ಲಿ ಕಾಲು ಬಡಿಯುತ್ತ ಏನೋ ಈಜುತ್ತಿತ್ತು.

"ಇದು ನನ್ನ ಕೊಡದಾಗೂ ಐತಿ?"

"ಐತಿ ಆಯಿ. ಅದಕ್ಕ ಸೋಸಿ, ಕಾಸಿ ಕುಡೀರಿ."

"ಹುಟ್ಟಿದಾಗಿಂದ ಮಾಂಸ ಇರಲಿ, ತತ್ತಿ ಸೈತ ಮುಟ್ಟಿದಾಕಿ ಅಲ್ಲ ನಾ!" ಎಂದು ಸಿಟ್ಟಿನಿಂದ ಎದ್ದು ಹೋದಳು. ಹೋಗುವಾಗ ಕೊಡ ತುಂಬಿಕೊಂಡೇ ಹೋದಳು.

ಮುಂದಿನ ತಿಂಗಳು ಕೇಳಿದೆ, "ಈಗ ಸೋಸ್ತೀರೇನು?"

"ಇಲ್ರಿ. ದುರ್ಬೀನ ನೋಡೂದ ಬಿಟ್ಟೀನಿ."

೩. ದೊಡ್ಡ ಸಾಹೇಬರು

ಕೊನೆಯ ತಿಂಗಳು ನನ್ನ ಪಿಎಚ್‌ಡಿ ಗೈಡ್, ಕನ್ನಡ ಅಷ್ಟಕ್ಕಷ್ಟೇ ಬರುವ ಮರಾಠಿಯವರು, ತಕರಾರು ತೆಗೆದರು. ಒಂದು ಬಾವಿಯಲ್ಲಿ ಇಷ್ಟು ಜೀವಿಗಳೆಂದರೆ ನಂಬಲಾರೆ, ಕಣ್ಣಾರೆ ಕಂಡರಷ್ಟೇ ಸಹಿ, ಎಂದರು. "ಹುಳ ಎಣಿಸಲು ದೊಡ್ಡ ಸಾಹೇಬರು ಬರುತ್ತಾರೆ" ಎಂದು ಊರ ಪಾಟೀಲರಿಗೆ ಕಾರ್ಡು ಬರೆದೆ.

ಹೋಗಿ ನೋಡಿದರೆ ಬಾವಿಕಟ್ಟೆಗೆ ಹೊಸ ಸುಣ್ಣ. ಪಾಟೀಲರು ಹಾರ ಹಿಡಿದು ನಿಂತಿದ್ದರು. ಆಯಿ ಗೈಡ್‌ಗೆ ಬೆಲ್ಲ, ನೀರು ಕೊಟ್ಟಳು. ಅವರು ಎರಡು ಲೋಟ ಕುಡಿದು, ನೀರು ಬಹಳ ಸಿಹಿ ಎಂದು ಹೊಗಳಿದರು.

ಸಣ್ಣ ಜೀವಿಗಳನ್ನು ಸೋಸಿ ಹಿಡಿಯುವ ಬಟ್ಟೆಯ ಬಲೆಯನ್ನು ಬಾವಿಗೆ ಬಿಟ್ಟೆ. ಏನೂ ಇಲ್ಲ. ಮೂರು ಸಲ ಬಿಟ್ಟೆ. ಒಂದೂ ಇಲ್ಲ. ಗೈಡ್ ಕನ್ನಡಕ ತೆಗೆದು ನನ್ನನ್ನು ನೋಡಿದರು.

ಪಾಟೀಲರು ಮೀಸೆ ತಿರುವಿದರು. "ಎಣಸ್ರಿ ಸಾಹೇಬ್ರ! ಮಾಸ್ತರ ಮರ್ಯಾದಿ ನಮ್ಮ ಮರ್ಯಾದಿ. ನಿನ್ನಿ ಬಾವಿ ತುಂಬ ಹುಳ ಕೊಲ್ಲೂ ಬ್ಲೀಚಿಂಗ ಪೌಡರ ಹಾಕೀವಿ. ಒಂದ ಹುಳ ಸಿಕ್ರ ಕೇಳ್ರಿ!"

ಒಂದು ವರ್ಷದ ದುಡಿಮೆಯನ್ನು ಪ್ರೀತಿಯಿಂದಲೇ ಕೊಂದಿದ್ದರು. ಅಳುವುದೊಂದೇ ಬಾಕಿ.

"ಯಾಕ್ರಿ ಮಾಸ್ತರ, ಹುಳ ಬೇಕಾಗಿದ್ವೇನು?" ಎಂದಳು ಆಯಿ.

"ಹೌದ ಆಯಿ. ಅವು ಇಲ್ಲಂದ್ರ ನನ್ನ ನೌಕರಿ ಇಲ್ಲ."

"ಮೊದಲ ಹೇಳಬಾರದ? ಪೌಡರ ಹಾಕಿದ್ರ ಚಾ ಕೆಡ್ತೈತಿ ಅಂತ ಮೊನ್ನೇನ ಹರವಿ ತುಂಬಿ ಇಟ್ಟೀನಿ."

ಅವಳ ಮನೆಯ ಮಣ್ಣಿನ ಹರವಿಯ ನೀರನ್ನು ಬಲೆಗೆ ಸುರಿದೆ. ದುರ್ಬೀನಿನಲ್ಲಿ ಜಾತ್ರೆಯೇ ನೆರೆದಿತ್ತು. ಗೈಡ್ ಬಗ್ಗಿ ಎಣಿಸತೊಡಗಿದರು. ಆಯಿ ಪಕ್ಕದಲ್ಲೇ ನಿಂತಿದ್ದಳು.

"ಸಾಹೇಬ್ರು ಮುಂಜಾನಿ ಇದ ಹರವೀದು ಎರಡ ಲೋಟ ಕುಡದಾರ್ರಿ. ಅವನ್ನೂ ಕೂಡಿಸಿ ಬರಕೋರಿ, ಲೆಕ್ಕ ತಪ್ಪಬಾರದು."

ಸಾಹೇಬರಿಗೆ ತಿಳಿಯಲೆಂದು ಅದನ್ನೇ ಮರಾಠಿಯಲ್ಲೂ ಹೇಳಿದಳು. ಗೈಡ್ ಅಲ್ಲಿಗೇ ಎಣಿಕೆ ನಿಲ್ಲಿಸಿ ಸಹಿ ಮಾಡಿದರು.